ಮಲೆನಾಡಿನ ಹಳೆ ಮನೆಯಲ್ಲಿ ಹೋಂಸ್ಟೇ ಕೋಣೆ: ಕಡಿಮೆ ಖರ್ಚಲ್ಲಿ, ಮಳೆಗಾಲ ತಾಳುವ ಹಾಗೆ

ಸಾಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಸಕಲೇಶಪುರ. ಈ ಕಡೆ ಹಳೆ ಮನೆ ಇಟ್ಟುಕೊಂಡವರು ಈಗ ಜಾಸ್ತಿ ಕೇಳುವ ಪ್ರಶ್ನೆ ಇದು. ಮಕ್ಕಳು ಊರು ಬಿಟ್ಟಿದ್ದಾರೆ, ಎರಡು ಮೂರು ಕೋಣೆ ಸುಮ್ನೆ ಬೀಗ ಹಾಕಿಕೊಂಡು ಕೂತಿವೆ, ಅಡಿಕೆ ದರ ಒಂದನ್ನೇ ನಂಬಿಕೊಂಡು ಇರಲು ಆಗುವುದಿಲ್ಲ, ಹೋಂಸ್ಟೇ ಮಾಡೋಣ ಅಂದುಕೊಂಡಿದ್ದೇವೆ, ಕೋಣೆಗೆ ಏನೇನು ತರಬೇಕು, ಎಷ್ಟರಲ್ಲಿ ಮುಗಿಸಬಹುದು?

ನಾನು ಎಲ್ಲರಿಗೂ ಮೊದಲು ಹೇಳುವುದು ಒಂದೇ ಮಾತು. ಮಳೆಗಾಲ ತಾಳದ ವಸ್ತು ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡಿ. ಬೆಂಗಳೂರಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಆಗುಂಬೆಯಲ್ಲಿ ಏಳು ಸಾವಿರಕ್ಕೂ ಜಾಸ್ತಿ. ಬೆಂಗಳೂರಿನ ಅಂಗಡಿಯಲ್ಲಿ ಚಂದ ಕಾಣುವ ಪಾರ್ಟಿಕಲ್ ಬೋರ್ಡಿನ ಕಪಾಟು, ದಪ್ಪ ಫೋಮಿನ ಸೋಫಾ, ಗೋಡೆಗೆ ಅಂಟಿಸುವ ವಾಲ್‌ಪೇಪರ್ ಅಲ್ಲಿಯೇ ಇದ್ದರೆ ಬಹಳ ವರ್ಷ ಬಾಳಬಹುದು. ಇಲ್ಲಿಗೆ ತಂದರೆ ಎರಡನೇ ಆಷಾಢಕ್ಕೆ ಉಬ್ಬಿ, ಬೂಷ್ಟು ಹಿಡಿದು, ಕೊಟ್ಟಿಗೆ ಸೇರುತ್ತವೆ. ಮತ್ತೆ ಕೊಳ್ಳಬೇಕು. ಎರಡು ಸಲ ಕೊಂಡದ್ದು ಅಗ್ಗ ಹೇಗಾಗುತ್ತದೆ?

ಹಾಗಾಗಿ ದುಡ್ಡು ಹಂಚುವುದನ್ನು ಮೊದಲೇ ತೀರ್ಮಾನ ಮಾಡಿ. ಒಂದು ಕೋಣೆಗೆ ನಿಮ್ಮ ಕೈಯಲ್ಲಿ 1 ಲಕ್ಷ ಇದೆ ಅಂದುಕೊಳ್ಳೋಣ. ನಾನಾದರೆ ಅದರಲ್ಲಿ 35 ಸಾವಿರ ಹಾಸಿಗೆ ಮತ್ತು ಬಟ್ಟೆಗೆ ಇಡುತ್ತೇನೆ, 35 ಸಾವಿರ ಬಚ್ಚಲಿಗೆ, 15 ಸಾವಿರ ವೈರಿಂಗು, ದೀಪ, ಫ್ಯಾನಿಗೆ, 10 ಸಾವಿರ ಸುಣ್ಣ, ಹೆಂಚು, ಸೊಳ್ಳೆ ಜಾಲರಿಗೆ. ಉಳಿದ 5 ಸಾವಿರ ಅಲಂಕಾರಕ್ಕೆ. 50 ಸಾವಿರ ಇದ್ದರೆ ಎಲ್ಲವನ್ನೂ ಅರ್ಧ ಮಾಡಿ, ಆದರೆ ಇದೇ ಲೆಕ್ಕದಲ್ಲಿ. ಅಲಂಕಾರಕ್ಕೆ ಇಷ್ಟು ಕಡಿಮೆಯಾ ಅಂತ ಕೇಳಬಹುದು. ಬಂದವರು ಮಲಗುವುದು, ಸ್ನಾನ ಮಾಡುವುದು, ಓದುವುದು, ಫೋನ್ ಚಾರ್ಜಿಗೆ ಹಾಕುವುದು, ಈ ನಾಲ್ಕು ಸರಿಯಾಗಿದ್ದರೆ ಗೋಡೆ ಖಾಲಿ ಇದೆ ಅಂತ ಯಾರೂ ದೂರುವುದಿಲ್ಲ. ಅಲಂಕಾರದ ಸಾಮಾನು ಮುಕ್ಕಾಲು ಪಾಲು ನಿಮ್ಮ ಅಟ್ಟದಲ್ಲೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮಾಡು, ಗೋಡೆ, ನೆಲ

ಏಪ್ರಿಲ್, ಮೇನಲ್ಲಿ ಮಾಡಿನ ಮೇಲೆ ಜನ ಹತ್ತಿಸಿ. ಒಡೆದ ಹೆಂಚು ಬದಲಾಯಿಸದೆ ಒಳಗೆ ಒಂದು ರೂಪಾಯಿ ಖರ್ಚು ಮಾಡಬೇಡಿ. ಹೆಂಚು ಕೈಯಾಡಿಸುವಾಗಲೇ ಕತ್ತಲೆ ಕೋಣೆಗೆ ಎರಡು ಗಾಜಿನ ಹೆಂಚು ಕೂರಿಸಿಬಿಡಿ. ಹಳೆ ಮನೆಯ ಒಳಕೋಣೆಗಳಿಗೆ ಕಿಟಕಿ ಚಿಕ್ಕದು, ಹಗಲಲ್ಲೂ ಮಬ್ಬು. ಒಂದು ಗಾಜಿನ ಹೆಂಚಿನಿಂದ ಇಳಿಯುವ ಬೆಳಕು ಕೋಣೆಯನ್ನು ಬದಲಾಯಿಸುವಷ್ಟು ಯಾವ ಬಣ್ಣವೂ ಬದಲಾಯಿಸುವುದಿಲ್ಲ. ಖರ್ಚೂ ಕಡಿಮೆ. ಹಾಸಿಗೆಯ ನೇರ ಮೇಲೆ ಮಾತ್ರ ಹಾಕಬೇಡಿ, ಬೆಳಗ್ಗೆ ಮುಖಕ್ಕೇ ಬೆಳಕು ಬಿದ್ದರೆ ನಿದ್ದೆಗೆ ಬಂದವರಿಗೆ ಕಷ್ಟ. ಮರದ ಮುಚ್ಚಿಗೆ ಇರುವ ಕೋಣೆಗೆ ಇದು ಆಗುವುದಿಲ್ಲ. ಅಲ್ಲಿ ಗೋಡೆಯ ಬಿಳಿಯನ್ನೇ ನಂಬಬೇಕು.

ಗೋಡೆಗೆ ಸುಣ್ಣ ಹೊಡೆಯಿರಿ. ಇದನ್ನು ಬಡತನದ ಕೆಲಸ ಅಂತ ನೋಡುವವರಿದ್ದಾರೆ, ಅದು ತಪ್ಪು. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಹೀರುತ್ತದೆ, ಚಳಿಗಾಲದಲ್ಲಿ ಬಿಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ನೋ ಆಯಿಲ್ ಪೇಂಟೋ ಬಳಿದರೆ ತೇವ ಹೊರಗೆ ಬರಲು ದಾರಿ ಇರುವುದಿಲ್ಲ, ಬಣ್ಣ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ. ಸುಣ್ಣ ಗೋಡೆಗೆ ಉಸಿರಾಡಲು ಬಿಡುತ್ತದೆ, ಜತೆಗೆ ಅದು ಕ್ಷಾರವಾದ್ದರಿಂದ ಬೂಷ್ಟು ಬೇಗ ಹತ್ತುವುದಿಲ್ಲ. ಚೆನ್ನಾಗಿ ನೆನೆಸಿ ಸೋಸಿದ ಸುಣ್ಣಕ್ಕೆ ಒಂದು ಚೂರು ನೀಲಿ ಬೆರೆಸಿ ಎರಡು ಮೂರು ಕೋಟು ತೆಳ್ಳಗೆ ಕೊಡಿ. ಬಟ್ಟೆಗೆ ಸುಣ್ಣ ಹತ್ತಬಾರದು ಅಂದರೆ ಹಾಸಿಗೆಯ ತಲೆದೆಸೆಗೆ ಮಾತ್ರ ಒಂದು ಹಳೆ ಮರದ ಹಲಗೆ ನಿಲ್ಲಿಸಿ, ಅಥವಾ ಅಗಲವಾದ ಒಂದು ಚಾಪೆ ಕಟ್ಟಿ. ಅಷ್ಟು ಸಾಕು. ಮೊದಲೇ ಪೇಂಟ್ ಬಳಿದ ಗೋಡೆಯಾದರೆ ಅದನ್ನು ಪೂರ್ತಿ ಕೆರೆದು ತೆಗೆದ ಮೇಲೆಯೇ ಸುಣ್ಣ, ಇಲ್ಲದಿದ್ದರೆ ಹಿಡಿಯುವುದಿಲ್ಲ.

ಕೆಂಪು ರೆಡ್ ಆಕ್ಸೈಡ್ ನೆಲ ಇದ್ದರೆ ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಬೇಡಿ. ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಜುಲೈಯಲ್ಲಿ ಬೆವರುತ್ತದೆ, ಕಾಲಿಟ್ಟಲ್ಲೆಲ್ಲ ಹೆಜ್ಜೆ ಗುರುತು, ಜಾರಿ ಬೀಳುವ ಭಯ ಬೇರೆ. ಬಂದವರು ಫೋಟೋ ತೆಗೆಯುವುದು ಆ ಕೆಂಪು ನೆಲವನ್ನೇ. ಬಿರುಕು ಬಿಟ್ಟಲ್ಲಿ ಮಾತ್ರ ಹಳೆ ಕೆಲಸ ಗೊತ್ತಿರುವ ಗಾರೆಯವರಿಂದ ತುಂಬಿಸಿ, ತೊಳೆದು ಒಣಗಿಸಿ, ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆಯಿಂದ ತೆಳ್ಳಗೆ ಉಜ್ಜಿ, ಮತ್ತೆ ಒಣ ಬಟ್ಟೆಯಿಂದ ಎಣ್ಣೆಯೆಲ್ಲ ತೆಗೆಯಿರಿ.

ಹಾಸಿಗೆ: ಇಲ್ಲಿ ಕೈ ಹಿಡಿಯಬೇಡಿ

ಮನೆಯಲ್ಲಿ ಹಲಸಿನ ಮರದ್ದೋ ಸಾಗುವಾನಿಯದ್ದೋ ಹಳೆ ಮಂಚ ಇದ್ದರೆ ಅದನ್ನೇ ಬಳಸಿ. ಆದರೆ ಉದ್ದ ಅಳೆಯಿರಿ. ಎಷ್ಟೋ ಹಳೆ ಮಂಚಗಳು ಆರಡಿಗಿಂತ ಗಿಡ್ಡ, ಎತ್ತರದವರು ಮಲಗಿದರೆ ಕಾಲು ಹೊರಗೆ. ಕಾಲಿನ ಕಡೆ ಹಲಗೆ ಬಿಚ್ಚಿ ಉದ್ದ ಮಾಡಿಸಲು ಊರಿನ ಬಡಗಿಗೆ ಒಂದು ದಿನದ ಕೆಲಸ. ಹೊಸದು ಮಾಡಿಸುವುದಾದರೆ ಕ್ವೀನ್ ಅಳತೆ, ಅಂದರೆ 60 ಇಂಚು ಅಗಲ, 78 ಇಂಚು ಉದ್ದ. ಕೆಳಗೆ ಪೂರ್ತಿ ಪ್ಲೈವುಡ್ ಹಲಗೆ ಹಾಕಿಸದೆ ಎರಡು ಮೂರು ಇಂಚು ಬಿಟ್ಟು ಪಟ್ಟಿ ಹೊಡೆಸಿ. ಕೆಳಗಿಂದ ಗಾಳಿ ಆಡಿದರೆ ಹಾಸಿಗೆಯ ತಳಕ್ಕೆ ಬೂಷ್ಟು ಬರುವುದಿಲ್ಲ. ಇದೇ ಕಾರಣಕ್ಕೆ ಪೆಟ್ಟಿಗೆ ಥರದ ಸ್ಟೋರೇಜ್ ಮಂಚ ಬೇಡವೇ ಬೇಡ. ಅದರೊಳಗೆ ಇಟ್ಟ ರಗ್ಗುಗಳನ್ನು ಸೆಪ್ಟೆಂಬರಿನಲ್ಲಿ ತೆಗೆದರೆ ವಾಸನೆ ಮೂಗಿಗೆ ಹೊಡೆಯುತ್ತದೆ. ಎಲ್ಲಿಯಾದರೂ ಪ್ಲೈವುಡ್ ಬಳಸಲೇಬೇಕಾದರೆ ಐಎಸ್ 710 ಗುರುತಿನದ್ದು ಕೇಳಿ, ಅದು ನೀರು ತಡೆಯುವ ಮರೀನ್ ದರ್ಜೆ.

ಎರಡು ಕೋಣೆ ಇದ್ದರೆ ಒಂದಕ್ಕೆ ಕ್ವೀನ್, ಇನ್ನೊಂದಕ್ಕೆ ಒಂದೇ ಎತ್ತರದ ಎರಡು ಸಿಂಗಲ್ ಮಂಚ. ಗಂಡ ಹೆಂಡತಿ ಬಂದರೆ ಮೊದಲನೆಯದು, ಸ್ನೇಹಿತರು, ಅಮ್ಮ ಮಗಳು, ಚಾರಣದವರು ಬಂದರೆ ಎರಡನೆಯದು. ಎರಡೂ ಕೋಣೆಗೆ ದೊಡ್ಡ ಮಂಚ ಹಾಕಿ ಆಮೇಲೆ ನೆಲದ ಮೇಲೆ ಹಾಸಿಗೆ ಹಾಸುವುದು ಯಾರಿಗೂ ಹಿತವಲ್ಲ.

ಹಾಸಿಗೆ ರಬ್ಬರೀಕೃತ ತೆಂಗಿನ ನಾರಿನದ್ದು ತಗೊಳ್ಳಿ, ಮೇಲೆ ಒಂದು ಎರಡು ಇಂಚು ಫೋಮ್ ಪದರ ಇರುವಂಥದ್ದು, ಒಟ್ಟು ಐದಾರು ಇಂಚು ದಪ್ಪ. ನಾರು ಗಾಳಿ ಬಿಡುತ್ತದೆ. ಮೆಮೊರಿ ಫೋಮ್ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹತ್ತಿ ಹಾಸಿಗೆಯಂತೂ ಮಳೆಗಾಲದಲ್ಲಿ ನೀರು ಕುಡಿದ ಹಾಗೆ ಭಾರ. ಬೂರುಗದ ಹತ್ತಿಯ ದಿಂಬು ನಮಗೆಲ್ಲ ಪ್ರೀತಿ, ಆದರೆ ಅದನ್ನು ತೊಳೆಯಲು ಬರುವುದಿಲ್ಲ, ದಿನಕ್ಕೊಬ್ಬರು ತಲೆ ಇಡುವ ಕಡೆ ತೊಳೆಯುವಂಥ ಫೈಬರ್ ದಿಂಬೇ ಸರಿ. ಹಾಸಿಗೆಗೂ ದಿಂಬಿಗೂ ಜಿಪ್ ಇರುವ ನೀರು ತಡೆಯುವ ಕವರ್ ಮೊದಲ ದಿನವೇ ಹಾಕಿ. ಒಂದು ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿದರೆ, ಅದೂ ಜುಲೈ ತಿಂಗಳಲ್ಲಿ, ಒಣಗಿಸುವುದು ಎಲ್ಲಿ?

ಹಳೆ ಮರದ ಸಾಮಾನು ಸೆಕೆಂಡ್‌ಹ್ಯಾಂಡ್ ತರಬಹುದು. ಮನೆ ಕೆಡವುವ ಕಡೆ ಕುರ್ಚಿ, ಮೇಜು, ದಳಿಬಾಗಿಲು ಚೌಕಾಸಿಗೆ ಸಿಗುತ್ತವೆ. ತರುವ ಮುಂಚೆ ಸಾಮಾನು ಬಗ್ಗಿಸಿ ಕಾಲಿನ ತಳ ನೋಡಿ. ಸೂಜಿ ತೂತು ಇದ್ದು ಕೆಳಗೆ ಸಣ್ಣ ಹುಡಿ ಉದುರಿದ್ದರೆ ಮರಕೊರಕ ಹುಳ ಇನ್ನೂ ಒಳಗಿದೆ ಅಂತ ಅರ್ಥ. ಸೆಕೆಂಡ್‌ಹ್ಯಾಂಡ್ ಹಾಸಿಗೆ, ಬಟ್ಟೆ ಹೊದಿಸಿದ ಸೋಫಾ ಮಾತ್ರ ಬಿಟ್ಟಿ ಕೊಟ್ಟರೂ ಬೇಡ. ತಿಗಣೆ ಒಂದು ಸಲ ಹಳೆ ಮನೆಯ ಮರದ ಸಂದಿ ಸೇರಿದರೆ ಬಿಡಿಸುವುದು ಬಹಳ ಕಷ್ಟ. ಬಿದಿರಿನ ಸಾಮಾನು ಮಾಡಿಸುವುದಾದರೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿದ ಬಿದಿರೇ ಆಗಬೇಕು ಅಂತ ಹೇಳಿ. ಹಸಿ ಬಿದಿರು ಬೇಗ ಹುಡಿಯಾಗುತ್ತದೆ.

ಸೊಳ್ಳೆ ಪರದೆ ಕಟ್ಟಿ. ಕಿಟಕಿಗೆ ಜಾಲರಿ ಇದ್ದರೂ ಕಟ್ಟಿ. ಹೆಂಚಿನ ಮಾಡಿನ ಸಂದಿಯಿಂದ ಬರುವ ಹುಳ ಹುಪ್ಪಟೆಗೆ ಬೇರೆ ತಡೆ ಇಲ್ಲ. ಮೇಲೆ ಮರದ ಚೌಕಟ್ಟಿಗೆ ಇಳಿಬಿಟ್ಟ ಬಿಳಿ ಹತ್ತಿ ಪರದೆ ಕೋಣೆಗೆ ಕೊಡುವ ಕಳೆಯನ್ನು ದುಬಾರಿ ಹೆಡ್‌ಬೋರ್ಡೂ ಕೊಡುವುದಿಲ್ಲ.

ಬಟ್ಟೆ ಕೊಳ್ಳುವುದು ಸುಲಭ, ಒಣಗಿಸುವುದೇ ಕಷ್ಟ

ಹೊದಿಕೆ, ಟವೆಲ್ ಕೊಳ್ಳುವಾಗ ಮೃದುವಾಗಿದೆಯಾ ಅಂತ ಎಲ್ಲರೂ ಮುಟ್ಟಿ ನೋಡುತ್ತಾರೆ. ಬೇಗ ಒಣಗುತ್ತದಾ ಅಂತ ಕೇಳುವುದಿಲ್ಲ. ನಮ್ಮ ಕಡೆ ಅದೇ ಮುಖ್ಯ. ಬೆಡ್‌ಶೀಟು 200ರಿಂದ 300 ಥ್ರೆಡ್ ಕೌಂಟಿನ (ಒಂದು ಚದರ ಇಂಚಿನಲ್ಲಿರುವ ನೂಲಿನ ಎಣಿಕೆ) ಸಾದಾ ನೇಯ್ಗೆಯ ಹತ್ತಿ ಸಾಕು. ಅದಕ್ಕಿಂತ ದಟ್ಟವಾದದ್ದು ಒಣಗಲು ಇನ್ನೂ ಹೊತ್ತು ಬೇಕು. ಟವೆಲ್ 400 ಜಿಎಸ್‌ಎಂ ಆಸುಪಾಸಿನದ್ದು, ಅಂದರೆ ಒಂದು ಚದರ ಮೀಟರ್ ಬಟ್ಟೆ 400 ಗ್ರಾಂ ತೂಗುವಂಥದ್ದು. ದೊಡ್ಡ ಹೋಟೆಲಿನ 600 ಜಿಎಸ್‌ಎಂ ಟವೆಲ್ ಇಲ್ಲಿ ಆಗಸ್ಟಿನಲ್ಲಿ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಬರುತ್ತದೆ. ಹೊದೆಯಲು ಸೊಲ್ಲಾಪುರ ಚಾದರ ತರಿಸಿ. ಗಟ್ಟಿ ಹತ್ತಿ, ತೊಳೆಯಬಹುದು, ವರ್ಷಗಟ್ಟಲೆ ಬಾಳುತ್ತದೆ, ಚಳಿಗಾಲಕ್ಕೆ ಎರಡು ಹೊದಿಸಿದರೆ ಆಯಿತು. ದಪ್ಪ ರಜಾಯಿಯ ಆಸೆಗೆ ಬೀಳಬೇಡಿ. ಹತ್ತಾರು ಶೀಟು ಒಟ್ಟಿಗೆ ಬೇಕಾದವರು ಕರೂರಿನ ಮಾಲು ತರಿಸುವ ಸಗಟು ಅಂಗಡಿ ಹುಡುಕಿ. ಬೆಡ್‌ಶೀಟು, ಅಡುಗೆಮನೆ ಬಟ್ಟೆ ನೇಯುವುದೇ ಆ ಊರಿನ ಕಸುಬು, ಒಂದೊಂದೇ ಕೊಳ್ಳುವುದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ.

ಎಲ್ಲ ಶೀಟೂ ಬಿಳಿ, ಒಂದೇ ಅಳತೆ, ಒಂದೇ ನೇಯ್ಗೆ ಇರಲಿ. ಹೂವಿನ ಚಿತ್ರದ್ದು ನಾಲ್ಕು, ಗೆರೆಯದ್ದು ಮೂರು ಅಂತ ತಂದರೆ ಒಂದು ಹರಿದ ದಿನ ಆ ಸೆಟ್ಟೇ ಹೋಯಿತು. ಬಿಳಿಯಾದರೆ ಯಾವುದು ಯಾವುದಕ್ಕಾದರೂ ಕೂಡುತ್ತದೆ, ಕಲೆ ಕಂಡ ಕೂಡಲೇ ಬ್ಲೀಚಿಗೆ ಹಾಕಬಹುದು, ಬಂದವರಿಗೂ ಶುಚಿ ಅಂತ ನಂಬಿಕೆ ಬರುತ್ತದೆ. ಕೆಮ್ಮಣ್ಣಿನ ಕಲೆ ಮಾತ್ರ ಬ್ಲೀಚಿಗೂ ಪೂರ್ತಿ ಬಿಡುವುದಿಲ್ಲ, ಅದಕ್ಕೇ ಕಾಲೊರೆಸಲು ಬೇರೆಯೇ ಕಂದು ಬಣ್ಣದ ಟವೆಲ್ ಇಡಿ, ಬಾಗಿಲ ಹತ್ತಿರ, ಕಣ್ಣಿಗೆ ಬೀಳುವ ಕಡೆ. ಅದು ಇಲ್ಲದಿದ್ದರೆ ತೋಟ ಸುತ್ತಿ ಬಂದವರು ಬಿಳಿ ಟವೆಲಿಗೇ ಕಾಲೊರೆಸುತ್ತಾರೆ, ಅವರದ್ದು ತಪ್ಪಲ್ಲ.

ಬೇರೆ ಊರಲ್ಲಿ ಒಂದು ಹಾಸಿಗೆಗೆ ಮೂರು ಸೆಟ್ ಬಟ್ಟೆ ಸಾಕು: ಒಂದು ಹಾಸಿಗೆ ಮೇಲೆ, ಒಂದು ತೊಳೆಯಲು, ಒಂದು ಕಪಾಟಲ್ಲಿ. ಮಲೆನಾಡಿಗೆ ನಾಲ್ಕು ಬೇಕು, ನಾಲ್ಕನೆಯದು ಯಾವಾಗಲೂ ಹಗ್ಗದ ಮೇಲೇ ಇರುತ್ತದೆ.

ಒಣಗಿಸಲು ಅಡಿಕೆ ಬೆಳೆಗಾರರಿಗೆ ಒಂದು ಅನುಕೂಲ ಇದೆ, ಅದನ್ನು ತುಂಬ ಜನ ಬಳಸುವುದಿಲ್ಲ. ಅಡಿಕೆ ಒಣಗಿಸಲು ಹಾಕಿದ ಪಾಲಿಹೌಸ್ ಶೆಡ್ ಜೂನಿನಿಂದ ಸೆಪ್ಟೆಂಬರ್‌ವರೆಗೆ ಖಾಲಿ. ಕೊಯ್ಲು ಶುರುವಾಗುವುದು ಮಳೆ ನಿಂತ ಮೇಲೆ ತಾನೇ? ಅಲ್ಲಿ ಹಗ್ಗ ಕಟ್ಟಿ, ಒಂದು ಹಳೆ ಟೇಬಲ್ ಫ್ಯಾನ್ ಇಡಿ, ಎರಡು ಬದಿ ಗಾಳಿ ಹೋಗಲು ತೆರೆದಿಡಿ. ಮೋಡದ ದಿನವೂ ಒಳಗೆ ಹೊರಗಿಗಿಂತ ಬೆಚ್ಚಗೆ ಇರುತ್ತದೆ, ಬಟ್ಟೆ ಒಣಗುತ್ತದೆ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ನಮ್ಮ ಮನೆಬಟ್ಟೆ ಒಣಗಿಸುವ ಹಾಗೆ ಅತಿಥಿಗಳ ಬಟ್ಟೆ ಒಣಗಿಸಬೇಡಿ, ಹೊಗೆ ವಾಸನೆ ನಮಗೆ ಅಭ್ಯಾಸ, ಅವರಿಗೆ ರಾತ್ರಿಯಿಡೀ ಕೆಮ್ಮು. ಪೂರ್ತಿ ಒಣಗಿದ ಮೇಲೆ ಇಸ್ತ್ರಿ ಮಾಡಿ, ಬಿಸಿ ಆರಿದ ಮೇಲೆ ಹಳೆ ಕಬ್ಬಿಣದ ಟ್ರಂಕಿಗೆ ಹಾಕಿ ಮುಚ್ಚಿ. ಮರದ ಕಪಾಟಿಗಿಂತ ಟ್ರಂಕಿನಲ್ಲಿ ಬಟ್ಟೆ ಗರಿಗರಿಯಾಗಿ ಉಳಿಯುತ್ತದೆ. ಒಳಗೆ ನಾಲ್ಕು ಲವಂಗ ಕಟ್ಟಿದ ಗಂಟು ಇಟ್ಟರೆ ಸಾಕು, ಸೆಂಟು ಬೇಡ.

ಬಚ್ಚಲು

ಪ್ರತಿ ಕೋಣೆಗೂ ಒಳಗೇ ಬಚ್ಚಲು ಬೇಕು ಅಂತ ಹಳೆ ಗೋಡೆ ಒಡೆಯಲು ಹೋಗಿ ಎಲ್ಲ ದುಡ್ಡೂ ಅಲ್ಲೇ ಕರಗಿಸಿಕೊಂಡವರು ಇದ್ದಾರೆ. ಮಣ್ಣಿನ ಗೋಡೆಗೆ ಒಳಗಿಂದ ನೀರು ತಾಗುವುದು ಮನೆಗೂ ಒಳ್ಳೆಯದಲ್ಲ. ಹತ್ತು ಹೆಜ್ಜೆ ಆಚೆ ಇದ್ದರೂ ಪರವಾಗಿಲ್ಲ, ಒಂದು ಕೋಣೆಯವರಿಗೆ ಒಂದು ಬಚ್ಚಲು ಅಂತ ಮೀಸಲಿರಲಿ, ಹೋಗುವ ದಾರಿಗೆ ಮಾಡು ಮತ್ತು ರಾತ್ರಿಯಿಡೀ ಉರಿಯುವ ಒಂದು ಸಣ್ಣ ದೀಪ ಇರಲಿ. ಇದನ್ನು ಕೋಣೆಯ ವಿವರದಲ್ಲಿ ಮೊದಲೇ ಬರೆದರೆ ಬರುವವರು ಗೊತ್ತಿದ್ದೇ ಬರುತ್ತಾರೆ.

ಕಮೋಡ್ ಬೇಕೇ ಬೇಕು. ನೆಲಕ್ಕೆ ಒರಟು ಮೈಯ, ಜಾರದ ಟೈಲ್ಸ್ ಅಥವಾ ಒರಟು ಕಲ್ಲು. ನೀರು ಹೋಗಲು ಮೀಟರಿಗೆ ಒಂದೂವರೆ ಎರಡು ಸೆಂಟಿಮೀಟರ್ ಇಳಿಜಾರು ಕೊಟ್ಟಿದ್ದಾರಾ ಅಂತ ಒಂದು ಬಕೆಟ್ ನೀರು ಚೆಲ್ಲಿ ನೀವೇ ನೋಡಿ, ಗಾರೆಯವರು ಹೋಗುವ ಮುಂಚೆ. ಮೇಲೆ ಆರಿಂಚಿನ ಎಕ್ಸಾಸ್ಟ್ ಫ್ಯಾನ್. ಕೊಕ್ಕೆಗಳು ಕಡಿಮೆ ಅಂದರೆ ಐದು. ಇಬ್ಬರು ಬಂದರೆ ಒಣಬಟ್ಟೆ, ಒದ್ದೆಬಟ್ಟೆ, ಎರಡು ಟವೆಲ್, ಒಂದು ಚೀಲ, ಲೆಕ್ಕ ಹಾಕಿ ನೋಡಿ. ಕೊಕ್ಕೆ, ನಲ್ಲಿ, ಟವೆಲ್ ಕಂಬಿ ಎಲ್ಲ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದು ಕೇಳಿ. ಕಬ್ಬಿಣಕ್ಕೆ ಮೇಲೆ ಹೊಳಪು ಬಳಿದದ್ದು ಬೇಗ ತುಕ್ಕು ಹಿಡಿಯುತ್ತದೆ, ಆ ತುಕ್ಕು ಬಿಳಿ ಟವೆಲಿಗೆ ಹತ್ತಿದರೆ ಹೋಗುವುದಿಲ್ಲ.

ಬಿಸಿನೀರಿಗೆ ಸೋಲಾರ್ ಒಂದನ್ನೇ ನಂಬಬೇಡಿ, ಮಳೆಗಾಲದಲ್ಲಿ ಬಿಸಿಲೇ ಇರುವುದಿಲ್ಲ. ತಾಮ್ರದ ಹಂಡೆ ಇದ್ದರೆ ಅದನ್ನು ತೊಳೆದು ಬೆಳಗಿ ಒಲೆಗೆ ಏರಿಸಿ. ಹಂಡೆಯ ನೀರು ಮೀಯುವುದು ಪೇಟೆಯವರಿಗೆ ಸಿಗದ ಸುಖ, ಇದಕ್ಕೆ ನೀವು ಒಂದು ಪೈಸೆ ಹೊಸದಾಗಿ ಹಾಕಬೇಕಾಗಿಲ್ಲ. ಅಡಿಕೆ ಸಿಪ್ಪೆ, ತೆಂಗಿನ ಸೋಗೆ ಮನೆಯಲ್ಲೇ ಇದೆ. ರಾತ್ರಿ ತಡವಾಗಿ ಬರುವವರಿಗೆ ಅಂತ ಒಂದು 15 ಲೀಟರ್ ಗೀಸರ್ ಇರಲಿ.

ಬೆಳಕು, ಕರೆಂಟು

ಬಿಳಿ ಟ್ಯೂಬ್‌ಲೈಟ್ ತೆಗೆಯಿರಿ. ಬಲ್ಬಿನ ಡಬ್ಬಿಯ ಮೇಲೆ 6500ಕೆ ಅಂತಿದ್ದರೆ ಅದು ನೀಲಿ ಬಿಳಿ, 2700ಕೆ ಅಥವಾ 3000ಕೆ ಅಂತಿದ್ದರೆ ಹಳದಿ ಬೆಳಕು. ಹಳದಿಯದ್ದೇ ತನ್ನಿ. ಹಳೆ ಮರ, ಕೆಂಪು ನೆಲ, ಸುಣ್ಣದ ಗೋಡೆ ಅದರಲ್ಲಿ ಬೆಚ್ಚಗೆ ಕಾಣುತ್ತವೆ, ಮಳೆಹುಳವೂ ಹಳದಿ ಬೆಳಕಿಗೆ ಕಡಿಮೆ ಮುತ್ತುತ್ತದೆ. ಮಧ್ಯದಲ್ಲಿ ಒಂದೇ ದೊಡ್ಡ ದೀಪ ಹಾಕುವ ಬದಲು ಮೂರು ಚಿಕ್ಕದು ಹಾಕಿ: ಹಾಸಿಗೆಯ ಎರಡು ಬದಿ ಓದಲು, ಒಂದು ಕನ್ನಡಿಯ ಹತ್ತಿರ. ಮಲಗಿದಲ್ಲಿಂದಲೇ ಆರಿಸುವ ಸ್ವಿಚ್ಚು, ಅದರ ಪಕ್ಕ ಚಾರ್ಜಿಂಗಿಗೆ ಪ್ಲಗ್ಗು, ಎರಡೂ ಬದಿ. ಇಷ್ಟು ಮಾಡಲು ವೈರಿಂಗ್ ಹೇಗೂ ಬಿಚ್ಚಬೇಕು, ಆಗಲೇ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸೋರಿದ ಕೂಡಲೇ ಅದು ಲೈನ್ ಕಡಿಯುತ್ತದೆ. ಒದ್ದೆ ಗೋಡೆ, ಒದ್ದೆ ಕೈ ಇರುವ ಮನೆಯಲ್ಲಿ ಅದು ಜೀವ ಉಳಿಸುವ ಸಾಮಾನು, ಇದರಲ್ಲಿ ಉಳಿತಾಯ ಹುಡುಕಬೇಡಿ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಬರುವುದು ಯಾವಾಗಲೋ. ಸಾದಾ ಫ್ಯಾನು 75 ವಾಟ್ ತಿನ್ನುತ್ತದೆ, ಕರೆಂಟು ಉಳಿಸುವ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಇನ್ವರ್ಟರಿನ 12 ವೋಲ್ಟಿನ 150 ಆಂಪ್‌ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್‌ಅವರ್ ಇರುತ್ತದೆ, ಬಳಕೆಗೆ ಸಿಗುವುದು 1200 ಅಂದುಕೊಳ್ಳಿ. ಎರಡು ಕೋಣೆಯ ಆರು 9 ವಾಟ್ ಬಲ್ಬು, ಎರಡು ಬಿಎಲ್‌ಡಿಸಿ ಫ್ಯಾನು, ವೈಫೈ ರೌಟರ್ ಸೇರಿ 125 ವಾಟ್. ಅಂದರೆ ಎಂಟು ಒಂಬತ್ತು ಗಂಟೆ ನಡೆಯುತ್ತದೆ, ಒಂದು ರಾತ್ರಿ ಕಳೆಯಿತು. ಸಾದಾ ಫ್ಯಾನ್ ಆಗಿದ್ದರೆ ಅರ್ಧರಾತ್ರಿಯಲ್ಲೇ ನಿಲ್ಲುತ್ತಿತ್ತು. ಗೀಸರ್, ಕೆಟಲ್ ಇನ್ವರ್ಟರ್ ಲೈನಿಗೆ ಬರದ ಹಾಗೆ ನೋಡಿಕೊಳ್ಳಿ.

ಅಟ್ಟ ಹತ್ತಿ

ಈಗ ಅಲಂಕಾರ. ಪೇಟೆಯಿಂದ ಪ್ರಿಂಟ್ ಮಾಡಿದ ಪೋಸ್ಟರು, ಪ್ಲಾಸ್ಟಿಕ್ ಬಳ್ಳಿ, ಇಂಗ್ಲಿಷ್ ಗಾದೆ ಬರೆದ ಫಲಕ ತರುವ ಮುಂಚೆ ಒಂದು ಬೆಳಗ್ಗೆ ಅಟ್ಟ ಹತ್ತಿ. ಸೇರು, ಪಾವು, ಬಳ್ಳ, ಕಡೆಗೋಲು, ಹಳೆ ಲಾಟೀನು, ಕಂಚಿನ ಚೊಂಬು, ಒಡೆಯದ ಭರಣಿ, ಮದುವೆಯ ಕಪ್ಪು ಬಿಳುಪು ಫೋಟೋ, ಮಳೆಗೆ ಅಜ್ಜ ತಲೆ ಬೆನ್ನಿಗೆ ಸೂಡಿಕೊಂಡು ಗದ್ದೆಗೆ ಹೋಗುತ್ತಿದ್ದ ಗೊರಬು. ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಪೇರಿಸಿಟ್ಟು ಮ್ಯೂಸಿಯಂ ಮಾಡಬೇಡಿ. ಒಂದು ಕೋಣೆಗೆ ಎರಡೋ ಮೂರೋ ಸಾಮಾನು, ಅದೂ ಏನಾದರೂ ಕೆಲಸಕ್ಕೆ ಬರುವ ಹಾಗೆ. ಚೊಂಬಿನಲ್ಲಿ ಹೂವು, ಭರಣಿಯಲ್ಲಿ ಕೊಡೆ, ಮರದ ಪೆಟ್ಟಿಗೆ ಹಾಸಿಗೆಯ ಪಕ್ಕದ ಮೇಜು, ಒನಕೆ ಎರಡು ಗೂಟದ ಮೇಲೆ ಅಡ್ಡ ಇಟ್ಟರೆ ಬಟ್ಟೆ ಹಾಕುವ ಕಂಬಿ. ಲಾಟೀನಿಗೆ ಬೆಂಕಿ ಬೇಡ, ಒಳಗೆ ಚಿಕ್ಕ ಎಲ್‌ಇಡಿ ಕೂರಿಸಿ, ಸೊಳ್ಳೆ ಪರದೆ ಇರುವ ಕೋಣೆ ಅದು. ಗೊರಬು ಜಗಲಿಯ ಗೋಡೆಗೆ ನೇತು ಹಾಕಿ, ಇದೇನು ಅಂತ ಕೇಳದವರು ಇಲ್ಲ.

ಚನ್ನೆಮಣೆ (ಅಳಗುಳಿಮಣೆ) ಸಿಕ್ಕರೆ ಚಾವಡಿಯಲ್ಲಿ ಇಡಿ. ಟಿವಿಗೆ ಹಾಕುವ ದುಡ್ಡು ಅಲ್ಲೇ ಉಳಿಯಿತು, ಮಳೆ ಹಿಡಿದ ಸಂಜೆ ಮಕ್ಕಳೂ ದೊಡ್ಡವರೂ ಅದರ ಸುತ್ತವೇ ಕೂರುತ್ತಾರೆ. ಆಟಕ್ಕೆ ಹುಣಸೆ ಬೀಜ ಇಡಿ. ಗುಲಗಂಜಿ ನೋಡಲು ಚಂದ, ಆದರೆ ವಿಷ, ಮಕ್ಕಳು ಬಾಯಿಗೆ ಹಾಕಿಕೊಂಡರೆ ಅಪಾಯ.

ಗೋಡೆಗೆ ಚಿತ್ರ ಬೇಕೇ ಬೇಕು ಅನ್ನುವವರು ಹಸೆ ಚಿತ್ತಾರ ಬರೆಸಿ. ಸಾಗರ, ಸೊರಬ, ಹೊಸನಗರ ಕಡೆ ದೀವರ ಸಮುದಾಯದ ಹೆಂಗಸರು ಇದನ್ನು ಇವತ್ತಿಗೂ ಬರೆಯುತ್ತಾರೆ: ಕೆಮ್ಮಣ್ಣು ಬಳಿದ ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಇಂಟರ್‌ನೆಟ್ಟಿನಿಂದ ಚಿತ್ರ ಇಳಿಸಿಕೊಂಡು ಸ್ಟಿಕರ್ ಅಂಟಿಸುವುದು ಬೇಡ. ಬರೆಯುವವರನ್ನು ಕರೆಸಿ, ಅವರು ಹೇಳಿದಷ್ಟು ಕೂಲಿ ಕೊಟ್ಟು, ಒಂದೇ ಒಂದು ಗೋಡೆಗೆ ಬರೆಸಿ. ಅಕ್ಕಿಹಿಟ್ಟಿನದ್ದು ನೀರು ತಾಗಿದರೆ ಹೋಗುತ್ತದೆ, ಹಾಗಾಗಿ ಎರಚಲು ಬಡಿಯದ ಒಳಗೋಡೆಯೇ ಆಗಬೇಕು. ಅವರ ಹೆಸರನ್ನೂ ಪಕ್ಕದಲ್ಲಿ ಚಿಕ್ಕದಾಗಿ ಬರೆಸಿ, ಅವರು ಒಪ್ಪಿದರೆ. ಭೂಮಣ್ಣಿ ಬುಟ್ಟಿ ಕೂಡ ಇದೇ ಕೈಗಳ ಕೆಲಸ. ಅದು ಭೂಮಿ ಹುಣ್ಣಿಮೆಯ ಪೂಜೆಯದ್ದು, ಚಂದ ಕಾಣುತ್ತದೆ ಅಂತ ಕಸದ ಬುಟ್ಟಿ ಮಾಡಬೇಡಿ.

ಹಾಸಿಗೆಯ ಕಾಲದೆಸೆಗೆ ಹಾಸಲು ಉತ್ತರ ಕರ್ನಾಟಕದ ಕೌದಿ ತರಿಸಿಕೊಂಡರೆ ಬಿಳಿ ಶೀಟಿನ ಮೇಲೆ ಅದೊಂದೇ ಸಾಕು, ಬೇರೆ ಬಣ್ಣ ಬೇಕಾಗುವುದಿಲ್ಲ. ಸಾಗರದ ಹತ್ತಿರದ ಭೀಮನಕೋಣೆಯ ಚರಕ ಅನ್ನುವ ಮಹಿಳಾ ಸಹಕಾರ ಸಂಘದ ಕೈಮಗ್ಗದ ಬಟ್ಟೆ ನಮಗೆ ಹತ್ತಿರದಲ್ಲೇ ಸಿಗುತ್ತದೆ, ಪರದೆಗೆ ಅದು ಚೆನ್ನ. ಪರದೆ ನೆಲ ಮುಟ್ಟದೆ ಎರಡಿಂಚು ಮೇಲಿರಲಿ. ನವಲಗುಂದದ ಜಮಖಾನ ಅಕ್ಟೋಬರಿನಿಂದ ಮೇವರೆಗೆ ಹಾಸಿ, ಮಳೆ ಶುರುವಾದ ಕೂಡಲೇ ಸುತ್ತಿಟ್ಟು ನಾರಿನ ಮ್ಯಾಟ್ ಹಾಕಿ.

ಜಗಲಿ ಮತ್ತು ಅಂಗಳ

ಬಂದವರು ಮೊದಲು ಕೂರುವುದು ಜಗಲಿಯಲ್ಲಿ. ಅಲ್ಲಿ ಒಂದು ಬೆಂಚು, ಕಾಲು ತೊಳೆಯಲು ನಲ್ಲಿ, ಒಂದು ಗಟ್ಟಿ ನಾರಿನ ಕಾಲೊರಸು, ಚಪ್ಪಲಿಗೆ ಹಲಗೆ ಇರಲಿ. ಬೇರೆ ಬೇರೆ ಅಳತೆಯ ನಾಲ್ಕು ಜೊತೆ ಗಂಬೂಟು, ನಾಲ್ಕು ಕೊಡೆ ಇಟ್ಟರೆ ಜುಲೈಯಲ್ಲಿ ಬಂದವರು ಕೋಣೆಯೊಳಗೇ ಮುದುಡಿ ಕೂರುವುದು ತಪ್ಪುತ್ತದೆ. ಉಂಬಳಕ್ಕೆ (ಜಿಗಣೆಗೆ) ಹೆದರುವವರಿಗೆ ಒಂದು ಡಬ್ಬಿ ಉಪ್ಪು ಅಲ್ಲೇ ಕೈಗೆ ಸಿಗುವ ಹಾಗಿರಲಿ. ಬೆಲ್ಲ, ನೀರು ಕೊಟ್ಟು ಕರೆಯುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಅಂಗಳಕ್ಕೆ ನರ್ಸರಿಯಿಂದ ದುಬಾರಿ ಗಿಡ ತರಬೇಡಿ. ಪಕ್ಕದ ಮನೆಯವರನ್ನು ಕೇಳಿದರೆ ಡೇರೆ (ಡೇಲಿಯಾ) ಹೂವಿನ ಗೆಡ್ಡೆ ಕೊಡುತ್ತಾರೆ, ಮಳೆ ಹಿಡಿಯುವ ಹೊತ್ತಿಗೆ ನೆಟ್ಟರೆ ಶ್ರಾವಣ, ಭಾದ್ರಪದಕ್ಕೆ ಅಂಗಳ ತುಂಬ ಹೂವು. ಅತಿಥಿಗಳು ಕಡಿಮೆ ಬರುವ ತಿಂಗಳಲ್ಲೇ ಮನೆ ಅತಿ ಚಂದ ಕಾಣುತ್ತದೆ, ಆಗ ತೆಗೆದ ಫೋಟೋ ಹಾಕಿ ಮಳೆಗಾಲದ ಬುಕಿಂಗ್ ಕೇಳಿ. ಮರದ ಮೇಲೆ ಬೆಳೆಯುವ ಆರ್ಕಿಡ್ ಹೂವು ಸೀತಾಳೆ ದಂಡೆಯನ್ನು ಕಾಡಿನ ಮರದಿಂದ ಕಿತ್ತು ತರಬೇಡಿ. ಗಾಳಿಗೆ ಕೊಂಬೆ ಸಮೇತ ಬಿದ್ದದ್ದು ನಿಮ್ಮ ತೋಟದಲ್ಲಿ ಸಿಕ್ಕರೆ ಮನೆ ಮುಂದಿನ ಮರಕ್ಕೆ ಕಟ್ಟಿ.

ಫೋಟೋಗೆ ಬಾಡಿಗೆ ಕ್ಯಾಮೆರಾ ಬೇಡ, ಫೋನ್ ಸಾಕು. ಬೆಳಗ್ಗೆ ಕಿಟಕಿ ತೆರೆದು, ದೀಪ ಹಾಕಿ, ಕೋಣೆಯ ಮೂಲೆಯಲ್ಲಿ ನಿಂತು ಎದೆ ಎತ್ತರದಿಂದ ತೆಗೆಯಿರಿ. ಬಚ್ಚಲ ಫೋಟೋ ಮತ್ತು ಬಚ್ಚಲಿಗೆ ಹೋಗುವ ದಾರಿಯ ಫೋಟೋ ಹಾಕಲೇಬೇಕು. ಇದರ ಜತೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಮುಗಿಸಿ, ಬಂದವರ ವಿವರ ಬರೆಯಲು ಒಂದು ಪುಸ್ತಕ ಇಡಿ. ಹೊರದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರಂ ಆನ್‌ಲೈನಲ್ಲಿ ತುಂಬಬೇಕು.

ಬಾಗಿಲು ತೆರೆಯುವ ಮುಂಚೆ ಮನೆಯವರೇ ಎರಡು ರಾತ್ರಿ ಆ ಕೋಣೆಯಲ್ಲಿ ಮಲಗಿ, ಅದರಲ್ಲಿ ಒಂದು ರಾತ್ರಿ ಮೇನ್ ಸ್ವಿಚ್ ಆರಿಸಿ. ಯಾವ ಹೆಂಚು ಸೋರುತ್ತದೆ, ಯಾವ ಬಾಗಿಲು ಕಿರುಗುಟ್ಟುತ್ತದೆ, ಕನ್ನಡಕ ಇಡಲು ಜಾಗ ಇದೆಯಾ, ಎಲ್ಲ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಬರೆದಿಟ್ಟುಕೊಂಡು ಅದಕ್ಕೆ ಮಾತ್ರ ಖರ್ಚು ಮಾಡಿ.

ಮೊದಲ ವರ್ಷ ಇಷ್ಟಕ್ಕೆ ನಿಲ್ಲಿಸಿ. ಸೋಫಾ, ಟಿವಿ, ಫ್ರಿಜ್ಜು, ಎಸಿ ಯಾವುದೂ ಬೇಡ. ಒಂದು ಮಳೆಗಾಲ ಕಳೆದ ಮೇಲೆ ಬಂದ ದುಡ್ಡಲ್ಲಿ ಮೊದಲು ಕೊಳ್ಳಬೇಕಾದ್ದು ಬಟ್ಟೆ ಒಣಗಿಸುವ ಮಷಿನ್ನು, ಆಮೇಲೆ ಕೋಣೆಯ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್, ಅದಾದ ಮೇಲೆ ಇನ್ನೊಂದು ಬ್ಯಾಟರಿ. ಮೂರನೇ ಕೋಣೆ ಆ ನಂತರ ನೋಡೋಣ.